ನಾನೂರು ರೂಪಾಯಿ, ಒಂದು ಮೂಟೆ ರಾಗಿ, ಮೇಲೆ ನಾನು

ಹೋದ ತಿಂಗಳು ನನ್ನನ್ನು ಕೊಸರಾಗಿ ಕೊಟ್ಟುಬಿಟ್ಟರು.

ತಮಾಷೆಯಲ್ಲ ಸ್ವಾಮಿ. ಸಂತೆಯಲ್ಲಿ ಒಂದು ಕೆಜಿ ಬೀನ್ಸ್ ತೂಗಿದ ಮೇಲೆ ಒಂದು ಹಿಡಿ ಜಾಸ್ತಿ ಹಾಕುತ್ತಾರಲ್ಲ, ಆ ಹಿಡಿ ನಾನು. ವಯಸ್ಸು ಮೂವತ್ತನಾಲ್ಕು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಹನ್ನೊಂದು ವರ್ಷದಿಂದ ಬೈರಕೂರು ಫುಟ್‌ಬಾಲ್ ಟೀಮಿನ ಆಟಗಾರ. (ಎಷ್ಟು ಗೋಲು ಹೊಡೆದಿದ್ದೀರಿ ಎಂದು ದಯವಿಟ್ಟು ಕೇಳಬೇಡಿ.)

ಎಲ್ಲ ಶುರುವಾಗಿದ್ದು ಪೇಪರಿನಿಂದ. ಯಾವುದೋ ದೇಶದ ಕ್ಲಬ್ಬು ಲಕ್ಷಗಟ್ಟಲೆ ಸುರಿದು ಒಬ್ಬ ಆಟಗಾರನನ್ನು ಕೊಂಡಿತು ಎಂಬ ಸುದ್ದಿ ಬಂತು. ನಮ್ಮ ಟೀಮಿನ ಅಧ್ಯಕ್ಷ ನಂಜುಂಡಪ್ಪ ಅದನ್ನು ಎರಡು ಸಲ ಓದಿಸಿಕೊಂಡ. ಪಕ್ಕದೂರು ದೇವರಾಯಸಮುದ್ರದವರ ಕೈಲಿ ನಾವು ಪ್ರತಿಸಲ ಸೋಲುತ್ತಿದ್ದೆವು. ಸೋಲಿಸುತ್ತಿದ್ದವನು ಮುನಿರಾಜು ಎಂಬ ಇಪ್ಪತ್ತೆರಡರ ಫಾರ್ವರ್ಡ್. ಅವನನ್ನೇ ಕೊಂಡುಬಿಟ್ಟರೆ?

ಕೊಳ್ಳುವುದು ಹೇಗೆ? ನಮಗೆ ಗೊತ್ತಿದ್ದದ್ದು ದನದ ವ್ಯಾಪಾರ ಒಂದೇ. ದನದ ದಲ್ಲಾಳಿ ಚೌಡಪ್ಪನನ್ನು ಕರೆದುಕೊಂಡು ಹೋದೆವು. ಕರಾರು ಬರೆಯಲು ನಾನು.

ಚೌಡಪ್ಪ ಮುನಿರಾಜುವನ್ನು ಅತ್ತಿತ್ತ ನಡೆಸಿದ. ತೊಡೆ ತಟ್ಟಿದ. ತಲೆ ಬಗ್ಗಿಸಿ ಸುಳಿ ನೋಡಿದ. ಆಮೇಲೆ ಟವಲ್ ಹರಡಿ, ಅದರ ಕೆಳಗೆ ಆ ಊರಿನ ಹಿರಿಯರಾದ ಪಿಳ್ಳಪ್ಪನವರ ಬೆರಳು ಹಿಡಿದು ರೇಟು ಮಾತಾಡಿದ. ಅವರು ಆರುನೂರು ಕೇಳಿದರಂತೆ. ನಮ್ಮ ಹತ್ತಿರ ಇದ್ದದ್ದು ನಾನೂರು ರೂಪಾಯಿ, ಒಂದು ಮೂಟೆ ರಾಗಿ. ಟವಲ್ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಚೌಡಪ್ಪನ ಕಣ್ಣು ನನ್ನ ಮೇಲೆ ಬಿತ್ತು.

"ಮೇಲೆ ಈ ಗುಮಾಸ್ತನ್ನ ಇಟ್ಕೊಳ್ಳಿ," ಅಂದ. "ಆಟ ಅಷ್ಟಕ್ಕಷ್ಟೇ. ಆದ್ರೆ ಬರೆಯೋಕೆ ಬರ್ತದೆ."

ನಂಜುಂಡಪ್ಪ ಬೇಡ ಅನ್ನುತ್ತಾನೆ ಎಂದು ಕಾದೆ. ಅವನು ಪೆನ್ನು ನನ್ನ ಕೈಗಿಟ್ಟು, "ಅದನ್ನೂ ಬರಿ ಕಣೋ" ಅಂದ. ಬರೆದೆ. ಹನ್ನೊಂದು ವರ್ಷ ಒಟ್ಟಿಗೆ ಆಡಿದವರು ಆಗಲೇ ಮುನಿರಾಜುವಿನ ಹೆಗಲ ಮೇಲೆ ಕೈ ಹಾಕಿದ್ದರು. ನಿಜಕ್ಕೂ ಅಳು ಬಂತು.

ಹೊರಡುವಾಗ ಪಿಳ್ಳಪ್ಪನವರು ಮುನಿರಾಜುವಿನ ಬೂಟು ಬಿಚ್ಚಿಸಿದರು. ಊರವರು ಚಂದಾ ಎತ್ತಿ ಕೊಡಿಸಿದ ಬೂಟು. ಎರಡೂ ಊರಿಗೆ ಇದ್ದದ್ದು ಅದೊಂದೇ ಜೊತೆ. ನಂಜುಂಡಪ್ಪ ತಕರಾರು ತೆಗೆದ. ಪಿಳ್ಳಪ್ಪನವರು ಕೇಳಿದ್ದು ಇಷ್ಟೇ:

"ಎತ್ತು ಮಾರ್ದೋರು ಹಗ್ಗ ಕೊಡ್ತಾರೇನಪ್ಪ?"

ಕೊಡುವುದಿಲ್ಲ. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೂ ಅದರ ಹಿಂದೆಯೇ ಹೊರಟುಹೋಗುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ಚೌಡಪ್ಪ ಕೂಡ ನ್ಯಾಯವಾದ ಮಾತು ಎಂದು ತಲೆಯಾಡಿಸಿದ. ಹೊಸ ಬೂಟು ಕೊಡಿಸೋಣವೆಂದರೆ ಕಮಿಟಿಯ ಹತ್ತಿರ ದುಡ್ಡೆಲ್ಲಿದೆ? ಇದ್ದದ್ದೆಲ್ಲ ಕಾಲಿಗೆ ಖರ್ಚಾಗಿತ್ತು.

ಮುಂದಿನ ಭಾನುವಾರ ದೇವರಾಯಸಮುದ್ರದ ಕೆರೆಯಂಗಳದಲ್ಲಿ ಮ್ಯಾಚ್. ಅವರ ಕಡೆ ನಾನು, ಮುನಿರಾಜುವಿನ ಬೂಟಿನಲ್ಲಿ. ಒಂದು ಸೈಜು ದೊಡ್ಡದು, ಮುಂದಕ್ಕೆ ಪೇಪರ್ ತುರುಕಿಕೊಂಡಿದ್ದೆ. (ಈ ಅಂಕಣ ಬರುವ ಪೇಪರೇ. ಕೊನೆಗೂ ಉಪಯೋಗಕ್ಕೆ ಬಂತು.) ನಮ್ಮ ಕಡೆ, ಅಂದರೆ ನನ್ನ ಹಳೆಯ ಕಡೆ, ಮುನಿರಾಜು ಬರಿಗಾಲಲ್ಲಿ. ಆಟಕ್ಕೆ ಮುಂಚೆ ಅವನೇ ಹತ್ತಿರ ಬಂದ. "ಎಡಗಾಲಿಂದು ಜಾರ್ತದೆ ಅಣ್ಣ, ಲೇಸು ಎರಡು ಸುತ್ತು ಕಟ್ಕೊ."

ಬೂಟಿಗೆ ಒಗ್ಗಿದ ಕಾಲು ಅವನದು. ಕಾಲು ಗಂಟೆಯೊಳಗೆ ಜಾಲಿ ಮುಳ್ಳು ಹೊಕ್ಕಿತು. ಪಾಪ, ಕುಂಟುತ್ತಲೇ ಆಡಿದ. ಆಟ ಮುಗಿಯುವ ಹೊತ್ತಿಗೆ ಯಾರೋ ಒದ್ದ ಚೆಂಡು ನನ್ನ ಮೊಣಕಾಲಿಗೆ ಬಡಿದು ಗೋಲಿನೊಳಗೆ ಹೋಯಿತು. ನಾನು ಆ ಕಡೆ ನೋಡುತ್ತಲೂ ಇರಲಿಲ್ಲ. ಗೆದ್ದೆವು.

ಸಂಜೆಗೇ ನಂಜುಂಡಪ್ಪ, ಚೌಡಪ್ಪ ಇಬ್ಬರೂ ಹಾಜರ್. ನನ್ನನ್ನು ವಾಪಸ್ ಕೊಳ್ಳಬೇಕಂತೆ! ಚೌಡಪ್ಪ ನನ್ನ ತಲೆ ಬಗ್ಗಿಸಿ, ಇಂಥ ಸುಳಿ ಸಾವಿರಕ್ಕೊಂದು ಎಂದ. (ಒಂದು ವಾರದ ಹಿಂದೆಯೂ ಇದೇ ತಲೆಯಲ್ಲವೇ?) ಮತ್ತೆ ಟವಲ್. ಆರುನೂರಕ್ಕೆ ಕುದುರಿತು. ಬೂಟಿಗೆ ದುಡ್ಡಿಲ್ಲದ ಕಮಿಟಿಗೆ ಇದೆಲ್ಲಿಂದ ಬಂತೋ. ನಾಚಿಕೆ ಬಿಟ್ಟು ಹೇಳುತ್ತೇನೆ, ಎದೆ ಉಬ್ಬಿತು. ನಮ್ಮೂರಿಗೆ ಕೊನೆಗೂ ನಾನು ಬೇಕಾಗಿದ್ದೆ.

ಆದರೆ ಇವರ ಜೊತೆ ಬಂದಿದ್ದ ಮುನಿರಾಜು ಯಾಕೆ ಪಿಳ್ಳಪ್ಪನವರ ಪಕ್ಕದಲ್ಲೇ ನಿಂತಿದ್ದಾನೆ? ಅವನು ನಮ್ಮ ಜೊತೆ ಬರುವುದಿಲ್ಲವೇ ಎಂದು ಕೇಳಿದೆ.

"ಬರೀ ಆರುನೂರಕ್ಕೆ ಒಪ್ಲಿಲ್ಲ ಕಣೋ," ಅಂದ ನಂಜುಂಡಪ್ಪ. "ಮೇಲೆ ಕೊಸರು ಕೇಳಿದ್ರು. ಅವನ್ನ ಕೊಟ್ವಿ."

ಉಬ್ಬಿದ ಎದೆ ಅಲ್ಲೇ ಇಳಿಯಿತು. ಮುನಿರಾಜು ನೆಲ ನೋಡುತ್ತಿದ್ದ. ಪಿಳ್ಳಪ್ಪನವರು ನನ್ನ ಕಾಲಿನತ್ತ ಬೆರಳು ತೋರಿಸಿದರು. ಹಗ್ಗ ಅಲ್ಲವೇ, ಬಿಚ್ಚಿಕೊಟ್ಟೆ. ಮುನಿರಾಜು ಅಲ್ಲೇ ಕೂತು, ಒಳಗಿನ ಪೇಪರ್ ತೆಗೆದು ಬಿಸಾಕಿ, ಹಾಕಿಕೊಂಡ.

ಈಗ ಅವನು ಅವನ ಊರಲ್ಲಿ, ನಾನು ನನ್ನ ಊರಲ್ಲಿ. ಎಲ್ಲ ಮೊದಲಿದ್ದ ಹಾಗೆಯೇ. ನಡುವೆ ನಮ್ಮ ಸಾವಿರ ರೂಪಾಯಿ, ಒಂದು ಮೂಟೆ ರಾಗಿ ಹೋಯಿತು, ಚೌಡಪ್ಪನಿಗೆ ಎರಡು ಸಲ ಕಮಿಷನ್ ಬಂತು. ಆ ದೂರದ ಕ್ಲಬ್ಬಿನವರು ಟವಲ್ ಹಾಸುತ್ತಾರೋ ಇಲ್ಲವೋ ತಿಳಿಯದು. ಅಲ್ಲೂ ಒಬ್ಬ ಚೌಡಪ್ಪ ಇದ್ದೇ ಇರುತ್ತಾನೆ.

ನಾಡಿದ್ದು ಭಾನುವಾರ ಮತ್ತೆ ಅವರ ಜೊತೆಯೇ ಮ್ಯಾಚ್: ಮುನಿರಾಜುವಿಗೆ ಬೂಟಿದೆ, ನನಗೆ ರೇಟಿದೆ.