ಎರ್ರಿಸ್ವಾಮಿ ಮೇಷ್ಟ್ರ ನಲವತ್ತೆರಡು ಪಾಠ

ಎರ್ರಿಸ್ವಾಮಿ ಮೇಷ್ಟ್ರು ಗಣಿತ ಹೇಳಲು ನಿಂತರೆ ಪಕ್ಕದ ಕೋಣೆಯಲ್ಲಿ ನನ್ನ ವಿಜ್ಞಾನ ಪಾಠ ಯಾರಿಗೂ ಕೇಳುತ್ತಿರಲಿಲ್ಲ. ಬಬ್ಬೂರು ದಾರಿಯ ನಮ್ಮ ಹೈಸ್ಕೂಲಿನಲ್ಲಿ ಹದಿನಾರು ವರ್ಷ ಹಾಗೆ ಗುಡುಗಿದ ಮನುಷ್ಯ. ‘ಮೆಲ್ಲಗೆ ಹೇಳ್ರಿ ಸಾರ್, ಹಿರಿಯೂರು ಬಸ್‌ಸ್ಟ್ಯಾಂಡಿಗೆ ಕೇಳ್ತೈತೆ’ ಎಂದು ಎಷ್ಟೋ ಸಲ ಜಗಳ ತೆಗೆದಿದ್ದೇನೆ.

2008ರ ಫೆಬ್ರವರಿಯಲ್ಲಿ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಯಿತು. ಹೆಡ್‌ಮಾಸ್ಟರ್ ಹಾಲಸ್ವಾಮಿಯವರು ಕೆಟ್ಟವರಲ್ಲ, ಆದರೂ ಹೇಳಿಯೇಬಿಟ್ಟರು: ‘ಹತ್ತನೇ ಕ್ಲಾಸು ಸಾರ್, ಮಕ್ಕಳ ರಿಸಲ್ಟಿನ ಪ್ರಶ್ನೆ. ನೀವು ಆಫೀಸ್ ಕೆಲ್ಸ ನೋಡ್ಕಳ್ರಿ.’ ಮೇಷ್ಟ್ರು ಚೀಟಿಯಲ್ಲಿ ಬರೆದರು: ‘ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ಇಡೀ ವರ್ಷದ ಪಾಠ ತರುತ್ತೇನೆ. ಮಾತಿಲ್ಲದೆ ತಿಳಿಯುವಂಥದ್ದು. ತರದಿದ್ದರೆ ಆಫೀಸಿಗೆ ಹೋಗುತ್ತೇನೆ.’ ಹಾಲಸ್ವಾಮಿಯವರು ಒಪ್ಪಿದರು.

ನಾನು ಚಿತ್ರದುರ್ಗದಲ್ಲಿ ಹತ್ತು ದಿನ ಕಂಪ್ಯೂಟರ್ ತರಬೇತಿ ಮುಗಿಸಿ ಬಂದಿದ್ದೆ. ಸ್ಟಾಫ್‌ರೂಮಿಗೆಲ್ಲ ನಾನೇ ದೊಡ್ಡ ಪಂಡಿತೆ. ರಜೆ ಶುರುವಾದ ದಿನ ಮೇಷ್ಟ್ರನ್ನು ಹಿರಿಯೂರಿಗೆ ಕರೆದೊಯ್ದು, ರವೀಂದ್ರನ ಸೈಬರ್ ಅಂಗಡಿಯ ಮೂರನೇ ನಂಬರಿನ ಮಷೀನಿನ ಮುಂದೆ ಕೂರಿಸಿದೆ. ಯಾವ್ಯಾವುದೋ ದೇಶದ ಮೇಷ್ಟ್ರುಗಳು ತಮ್ಮ ಪಾಠಗಳನ್ನು ಪುಕ್ಕಟೆಯಾಗಿ ನೆಟ್‌ಗೆ ಹಾಕಿದ್ದರು. ಒಂದರಲ್ಲಿ ಲಂಬಕೋನ ತ್ರಿಭುಜದ ಎರಡು ಚಿಕ್ಕ ಚೌಕಗಳು ತುಂಡುತುಂಡಾಗಿ ದೊಡ್ಡ ಚೌಕದೊಳಗೆ ಹೋಗಿ ಕೂರುತ್ತಿದ್ದವು. ಅದನ್ನು ನೋಡಿ ಮೇಷ್ಟ್ರ ಕಣ್ಣು ತುಂಬಿಬಂತು. ಬಾಯಿಬಿಡದೆ ಪೈಥಾಗೊರಸ್ ಪ್ರಮೇಯ ಹೇಳಬಹುದೆಂದು ಅವರಿಗೆ ಅಂದೇ ಧೈರ್ಯ ಬಂದದ್ದು.

ಅಂದಿನಿಂದ ದಿನಾ ಮೊದಲ ಬಸ್ಸಿಗೆ ಹೊರಟರು. ಅಲ್ಲಿಂದ ಇಳಿಸಿಕೊಂಡ ಚಿತ್ರವೆಲ್ಲ ಇಂಗ್ಲಿಷಿನದು, ಕೆಳಗೆ ಒಂದೇ ಬೆರಳಲ್ಲಿ ಕನ್ನಡ ಕುಟ್ಟುವುದು ಇವರ ಕೆಲಸ. ನಮ್ಮ ಮಕ್ಕಳಿಗೆ ತಿಳಿಯಲೆಂದು ಕುರಿಹಟ್ಟಿ, ತೆಂಗಿನ ಸಾಲು, ಬದು ಎಲ್ಲವನ್ನೂ ಲೆಕ್ಕದೊಳಗೆ ತಂದರು. ತಿದ್ದಿದ್ದನ್ನೇ ಮತ್ತೆ ತಿದ್ದುತ್ತಿದ್ದರು. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಪ್ರಿಂಟ್ ಮಾಡಿಸುವುದೆಂದು ತೀರ್ಮಾನ.

ಶುರುವಿನಲ್ಲೇ ಒಂದು ಚೀಟಿ ಕೊಟ್ಟಿದ್ದರು: ‘ಇಲ್ಲಿ ಇಟ್ಟರೆ ಉಳಿಯುತ್ತದೆಯೇ?’

‘ಎಲ್ಲಿಗೋಗ್ತೈತೆ ಸಾರ್? ನೆಟ್‌ನಾಗೈತಲ್ಲ!’ ಎಂದಿದ್ದೆ. ಪಂಡಿತೆಯಲ್ಲವೇ ನಾನು!

ಮರುದಿನ ಮೂರನೇ ಮಷೀನು ತೆರೆದರೆ ಪಾಠ ಅಲ್ಲೇ ಇತ್ತು. ಅದರ ಮರುದಿನವೂ ಇತ್ತು. ಪಕ್ಕದ ಮಷೀನಿನಲ್ಲಿ ಯಾಕೆ ಕಾಣುವುದಿಲ್ಲವೆಂದು ನಾವಿಬ್ಬರೂ ಯೋಚಿಸಲಿಲ್ಲ. ಮೂರನೇ ಮಷೀನಿನ ಮುಂದೆ ಯಾರಾದರೂ ಕೂತಿದ್ದರೆ ಮೇಷ್ಟ್ರು ಬೆಂಚಿನ ಮೇಲೆ ಕಾಯುತ್ತಿದ್ದರು, ಅಷ್ಟೇ. ಹೀಗೆ ನಲವತ್ತೆರಡು ಪಾಠ ಮುಗಿದವು.

ಶಾಲೆ ತೆರೆಯುವ ಹಿಂದಿನ ದಿನ ಪ್ರಿಂಟ್ ತೆಗೆಸಲು ಇಬ್ಬರೂ ಹೋದೆವು. ಮಷೀನು ಹೊಸದರಂತೆ ಖಾಲಿಯಾಗಿತ್ತು.

‘ವೈರಸ್ ಹೊಕ್ಕಿತ್ತು ಸಾರ್, ನಿನ್ನೆ ಎಲ್ಲಾ ಅಳಿಸಿ ಫಾರ್ಮ್ಯಾಟ್ ಹೊಡಿಸ್ದೆ’ ಎಂದ ರವೀಂದ್ರ. ವಿಷಯ ತಿಳಿದ ಮೇಲೆ ಅವನ ಮುಖವೂ ಬಿಳಿಚಿತು. ‘ನೆಟ್‌ನಾಗೆ ಇರ್ಲಿಲ್ರಿ ಮೇಡಂ ಅವು. ಬರೀ ಈ ಡಬ್ಬದಾಗಿದ್ವು.’

ಮೇಷ್ಟ್ರು ಹುಡುಕಿದರು. ಆ ಪರದೇಶದ ಮೇಷ್ಟ್ರುಗಳ ಚೌಕಗಳು, ತ್ರಿಭುಜಗಳು ಎಲ್ಲವೂ ನೆಟ್‌ನಲ್ಲಿ ಹಾಗೇ ಇದ್ದವು. ಇವರ ಕನ್ನಡ ಮಾತ್ರ ಇರಲಿಲ್ಲ.

ನಾನು ಅತ್ತುಬಿಟ್ಟೆ. ‘ಎಲ್ಲಾ ನನ್ನಿಂದಾನೇ ಆತು ಸಾರ್, ಬಯ್ದುಬಿಡ್ರಿ’ ಎಂದೆ. ಅವರು ಜೇಬಿನಿಂದ ಚೀಟಿ ತೆಗೆದು ಬರೆದುಕೊಟ್ಟರು: ‘ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ.’

ಮರುದಿನ ಯಾರೂ ಹೇಳದೆಯೇ ಹೋಗಿ ಆಫೀಸಿನಲ್ಲಿ ಕೂತರು. ಹತ್ತನೇ ಕ್ಲಾಸಿನ ಗಣಿತವನ್ನು ಹಾಲಸ್ವಾಮಿಯವರು ನನಗೆ ಕೊಟ್ಟರು.