ಬಿಳಿ ಅಂಗಿಯ ಗೋಲ್‌ಕೀಪರ್

ಬನಶಂಕರಿಯಲ್ಲಿ ನಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಗೆ ಜನ ಬರುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ಯಾರದೋ ಹುಟ್ಟುಹಬ್ಬ, ಇಲ್ಲವೇ ಯಾರದೋ ಸಾವು. ಎರಡೂ ಅರ್ಜೆಂಟೇ. ಸತ್ತವರ ಫೋಟೋ ಮದುವೆಯದೋ ಪ್ರವಾಸದ್ದೋ ಆಗಿರುತ್ತದೆ, ಬನಿಯನ್ನಿನಲ್ಲಿ ನಿಂತದ್ದೂ ಉಂಟು. ನಾನು ಮುಖವನ್ನಷ್ಟೇ ಕತ್ತರಿಸಿ ಕಂಪ್ಯೂಟರಿನಲ್ಲಿರುವ ಒಂದು ಬಿಳಿ ಅಂಗಿಯ ಮೇಲೆ ಕೂರಿಸುತ್ತೇನೆ. ಸುತ್ತ ಚೆಂಡುಹೂವಿನ ಹಾರ, ಆಚೀಚೆ ದೀಪ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’. ಎಷ್ಟೋ ವರ್ಷಗಳಿಂದ ಅದೇ ಅಂಗಿ. ಈ ಕಡೆಯ ಬಹಳಷ್ಟು ಗಂಡಸರು ಅದನ್ನು ತೊಟ್ಟೇ ಹೋಗಿದ್ದಾರೆ.

ನಾನೂ ಒಬ್ಬ ಗೆಳೆಯನೂ ನಡೆಸುವ ಫುಟ್‌ಬಾಲ್ ತಮಾಷೆಯ ವೆಬ್‌ಸೈಟು ಹುಟ್ಟಿದ್ದು ಈ ಕೆಲಸದ ಬೇಸರದಿಂದ. ಜೊತೆಗಾರ ವಿಜಯಪುರದ ಕಡೆಯವನು, ಬಿಟಿಎಂನಲ್ಲಿ ಬಾಡಿಗೆಗಿದ್ದಾನೆ, ಕೊರಿಯರ್ ಆಫೀಸಿನಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಅಂಜನಾಪುರದ ಮೈದಾನದಲ್ಲಿ ಇಬ್ಬರೂ ಆಡುತ್ತಿದ್ದೆವು. ಮೊಣಕಾಲು ಕೈಕೊಟ್ಟ ಮೇಲೆ ಗೆರೆಯಾಚೆ ಕೂತು ಆಡುವವರನ್ನು ಆಡಿಕೊಳ್ಳತೊಡಗಿದೆವು. ಅದನ್ನೇ ಸುದ್ದಿಯ ಹಾಗೆ ಬರೆದು ಹಾಕೋಣ ಎಂದವನು ಅವನು. ‘ಎಮ್ಮೆ ಅಡ್ಡ ನಿಂತ ಕಾರಣ ಪೆನಾಲ್ಟಿ ಮುಂದೂಡಿಕೆ.’ ‘ರೆಫರಿಯ ಸೀಟಿ ಕಳವು, ಪಂದ್ಯ ಮಾತುಕತೆಯಲ್ಲಿ ಇತ್ಯರ್ಥ.’ ಜನ ಓದಿದರು, ನಕ್ಕರು, ಇನ್ನಷ್ಟು ಕೇಳಿದರು.

ಎಲ್ಲಕ್ಕಿಂತ ಹೆಚ್ಚು ಓಡಿದ್ದು ಸೋತ ತಂಡದವರಿಗೆ ಹಾಕುವ ಶ್ರದ್ಧಾಂಜಲಿ. ಅಂಗಡಿಯದೇ ಹಾರ, ಅಂಗಡಿಯದೇ ದೀಪ. ನಡುವೆ ಜೆರ್ಸಿ ತೊಟ್ಟ ಆಟಗಾರನ ಮುಖ, ಕೆಳಗೆ ಅವನು ಮಾಡಿದ ಘನಕಾರ್ಯ. ಜೆರ್ಸಿ ಕಂಡರೆ ತಮಾಷೆಯೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಕೆಲವರು ತಾವೇ ಫೋಟೋ ಕಳಿಸಿ ಹಾಕಿ ಎನ್ನುತ್ತಿದ್ದರು.

ಆದರೆ ನಗಿಸುವುದು ಇಷ್ಟು ದಣಿವಿನ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ. ವಾರವಿಡೀ ನಿಜವಾದ ಸಾವು, ಭಾನುವಾರ ಸಂಜೆ ಸುಳ್ಳು ಸಾವು. “ಲೇ, ಈ ವಾರ ಯಾರ ತಿಥಿ ಮಾಡೋಣು?” ಎಂದು ಗೆಳೆಯ ಫೋನ್ ಮಾಡಿದರೆ ಮೈಯೆಲ್ಲ ಭಾರವಾಗುತ್ತಿತ್ತು. ಆದರೂ ಮಾಡುತ್ತಿದ್ದೆ.

ಹೋದ ವರ್ಷ ಅಂಥ ಒಂದು ಭಾನುವಾರ ಒಬ್ಬ ಗೋಲ್‌ಕೀಪರ್ ಏಳು ಗೋಲು ಬಿಟ್ಟರು. ವಸಂತಪುರದವರು, ಐವತ್ತರ ಹತ್ತಿರ, ಮನೆಮನೆಗೆ ಗ್ಯಾಸ್ ಸಿಲಿಂಡರ್ ಹಾಕುವವರು. ‘ಮೂರನೇ ಮಹಡಿಯವರೆಗೂ ಸಿಲಿಂಡರ್ ಬಿಡದ ಕೈ ಚೆಂಡನ್ನು ಬಿಟ್ಟಿತು’ ಎಂದು ಕೆಳಗೆ ಬರೆದೆ. ಮೇಲೆ ಅವರ ಮುಖ ಕತ್ತರಿಸಿ ಕೂರಿಸಿದೆ. ತೂಕಡಿಕೆಯಲ್ಲಿ ಕೈ ತನ್ನ ಪಾಡಿಗೆ ರೂಢಿಯ ಕೆಲಸ ಮಾಡಿಬಿಟ್ಟಿತ್ತು: ಜೆರ್ಸಿಯ ಬದಲು ಬಿಳಿ ಅಂಗಿ. ಗೆಳೆಯನೂ ನೋಡದೆ ಹಾಕಿದ. ಅವರ ತಂಡದವನೊಬ್ಬ ಕೆಳಗಿನ ಸಾಲು ಬಿಟ್ಟು ಮೇಲಿನ ಅರ್ಧವನ್ನಷ್ಟೇ ವಾಟ್ಸಾಪ್ ಸ್ಟೇಟಸ್ಸಿಗೆ ಇಟ್ಟುಕೊಂಡ.

ನೋಡಿದವರು ಅದನ್ನು ನಿಜವಾದ ಸಾವೆಂದೇ ನಂಬಿದ್ದಾರೆಂದು ಸೋಮವಾರ ಹತ್ತು ಗಂಟೆಗೆ ತಿಳಿದು ಇಬ್ಬರೂ ವಸಂತಪುರಕ್ಕೆ ಓಡಿದೆವು. ಕೀಪರ್ ಮೆಟ್ಟಿಲ ಮೇಲೆ ಕೂತಿದ್ದರು. ಕಾಂಪೌಂಡಿನ ಮೇಲೆ ಒಂದು ಹಾರವಿತ್ತು.

“ಬಿಳೇಕಹಳ್ಳಿಯಿಂದ ನಮ್ಮಣ್ಣ ಬಂದಿದ್ದ ಸಾರ್,” ಎಂದರು. “ಮಾತು ಬಿಟ್ಟು ಎಂಟು ವರ್ಷ ಆಗಿತ್ತು. ಅಪ್ಪನ ತಿಥಿ ನಿಮ್ಮನೇಲಾ ನಮ್ಮನೇಲಾ ಅಂತ ಶುರುವಾದ ಜಗಳ. ಬೆಳಿಗ್ಗೆ ಬಂದು ಗೇಟ್ ಹತ್ರಾನೇ ಕೂತ್ಕೊಂಡು ಅಳ್ತಿದ್ದ. ಚಿಕ್ಕೋನಿದ್ದಾಗ ಕರೀತಿದ್ದ ಹೆಸರು ಹಿಡಿದು ಕರೀತಿದ್ದ. ನಾನು ಹಲ್ಲುಜ್ಜುತ್ತಾ ಆಚೆ ಬಂದೆ. ನೋಡ್ದ. ಹಾರ ಅಲ್ಲಿಟ್ಟ, ಹೊರಟೇಹೋದ. ಇವಳು ಕಾಫಿಗಿಟ್ಟಿದ್ಲು, ಕುಡೀಲೇ ಇಲ್ಲ.”

ಆ ಅಂಗಿ ಹಾಕಿದವನು ನಾನೇ ಎಂದು ಹೇಳಿದೆ.

“ತಪ್ಪಾತ್ರೀ ಅಣ್ಣಾರ, ಈಗಿಂದೀಗ ತಗದಬಿಡ್ತೀವ್ರಿ,” ಎಂದು ಗೆಳೆಯ ಫೋನ್ ತೆಗೆದ.

“ಇರ್ಲಿ ಬಿಡಿ ಎರಡು ದಿನ,” ಎಂದರು ಕೀಪರ್. “ಬೈಯೋಕಾದ್ರೂ ಫೋನ್ ಮಾಡ್ತಾನೇನೋ.”

ಗುರುವಾರದವರೆಗೆ ಇಟ್ಟೆವು. ಫೋನ್ ಬರಲಿಲ್ಲ. ಇವರು ಮಾಡಿದರೆ ಆ ಕಡೆ ಎತ್ತುತ್ತಿರಲಿಲ್ಲವಂತೆ. ಶ್ರದ್ಧಾಂಜಲಿ ತೆಗೆದು ಕ್ಷಮೆ ಕೇಳಿ ನಾಲ್ಕು ಸಾಲು ಬರೆದೆವು. ಇನ್ನು ಮುಂದೆ ಯಾರಿಗೂ ಹಾಕುವುದಿಲ್ಲ ಎಂದೂ ಸೇರಿಸಿದೆವು. ಅದಕ್ಕೂ ಜನ ನಕ್ಕರು. ನಾವು ಏನು ಬರೆದರೂ ನಗುವುದು ಅವರಿಗೆ ಅಭ್ಯಾಸವಾಗಿತ್ತು.

ಮುಂದಿನ ಭಾನುವಾರ ಅವರ ತಂಡ ಗೆದ್ದಿತು. ಕೀಪರ್ ಒಂದು ಗೋಲೂ ಬಿಟ್ಟಿರಲಿಲ್ಲ. ಹುಡುಗರು ಎತ್ತಿ ಕುಣಿಸುತ್ತಿದ್ದರೆ ಬಿಡಿಸಿಕೊಂಡು ನಾನು ಕೂತಲ್ಲಿಗೆ ಬಂದರು. ಗ್ಲೌಸನ್ನು ಕಂಕುಳಲ್ಲಿ ಸಿಕ್ಕಿಸಿ, ಕವರಿನಿಂದ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ನನ್ನ ಕೈಯಲ್ಲಿಟ್ಟರು.

“ಇನ್ನೊಂದ್ಸಲ ಹಾಕಿ ಸಾರ್.”

“ಅದನ್ನ ನಿಲ್ಲಿಸಿಬಿಟ್ವಲ್ಲಾ ಅಣ್ಣಾ. ಹಾಕ್ತಿದ್ದಿದ್ದೂ ಸೋತವರಿಗೆ ಮಾತ್ರ, ನೀವು ಗೆದ್ದಿದ್ದೀರ,” ಎಂದೆ.

ಅವರು ಮೈದಾನದ ಕಡೆ ನೋಡಿದರು.

“ಗೆದ್ರೇನಾಯ್ತು, ಹಾಕಿ. ಬಿಳಿ ಶರ್ಟೇ ಇರ್ಲಿ ಸಾರ್. ಜೆರ್ಸಿ ಹಾಕಿದ್ರೆ ನಮ್ಮಣ್ಣ ಬರಲ್ಲ.”