ತಿಪ್ಪೆಗೆ ಹೊರಟ ಬಳಚು

ಭೈರಮ್ಮನ ಕಿವಿಯ ಬಗ್ಗೆ ಹಾಲ್ಕುರಿಕೆಯಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ನಲವತ್ತು ವರ್ಷದಿಂದ ಕೊಬ್ಬರಿ ಒಡೆಯುವ ಕೆಲಸ. ಸುಲಿದ ಕಾಯನ್ನು ಕಿವಿಗೆ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಇನ್ನೂ ನೀರಿದೆಯೋ, ನೀರಿಂಗಿ ಒಣಗಿ ಚಿಪ್ಪಿನೊಳಗೇ ಬಿಡಿಯಾದ ಗಿಟುಕು ಕೊಬ್ಬರಿಯೋ ಹೇಳಿಬಿಡುತ್ತಾಳೆ. ಚಿಪ್ಪು ಬಾಯಿ ಬಿಟ್ಟ ಕಾಯಿಗೆ ಮಾತ್ರ ಕಿವಿಯನ್ನೂ ಕೊಡುವುದಿಲ್ಲ. ಅದು ಕೊಳೆತದ್ದು, ನೇರ ತಿಪ್ಪೆಗೆ. ನಾನು ಪಕ್ಕದ ಮನೆಯವಳು. ಇಷ್ಟು ಜಂಬದ ಹೆಂಗಸನ್ನು ಬೇರೆಲ್ಲೂ ಕಂಡಿಲ್ಲ, ಬೇರೆ ಯಾರನ್ನೂ ಇಷ್ಟು ಹಚ್ಚಿಕೊಂಡೂ ಇಲ್ಲ.

ಅವಳ ಮೊಮ್ಮಗಳು ಸುಷ್ಮಿತಾ ಕುಮಟೆಗೆ ಸೊಸೆಯಾಗಿ ಹೋಗಿ ಮೂರು ತಿಂಗಳಾಗಿತ್ತು. ಆ ಭಾನುವಾರ ಅವಳನ್ನು ಕರೆದುಕೊಂಡು ಅವಳ ಅತ್ತೆ ಮೊದಲ ಸಲ ಸೊಸೆಯ ತವರಿಗೆ ಬಂದರು, ಐಸಿನ ಡಬ್ಬಿ ಹೊತ್ತುಕೊಂಡು.

"ಇದೇನ್ರವ್ವಾ, ಕಪ್ಪೆಚಿಪ್ಪು!" ಭೈರಮ್ಮ ಇಣುಕಿದಳು. "ನಮ್ಮ ಹುಡುಗ್ರು ಮಾವಿನ್ಕಾಯಿ ಹೆರೆಯಾಕೆ ಇಟ್ಕತ್ತವೆ."

"ನಮ್ಮ ಬದಿಗೆ ಬಳಚು ಹೇಳೂದು. ಮಂಗ್ಳೂರಲ್ಲಿ ಇದೇ ಮರುವಾಯಿ."

"ಹಂಗಾರೆ ಬಳಚು ಅಂತಲೇ ಅನ್ನವ. ಕಪ್ಪೆ ಹೆಸರಿದ್ರೆ ಗಂಟಲಲ್ಲಿ ಇಳಿಯಕಿಲ್ಲ."

ಬೀಗಿತಿ ಕೈಕಾಲು ತೊಳೆಯಲು ಹೋದಾಗ ಭೈರಮ್ಮ ಗೋಡೆಯಾಚೆಯಿಂದ ನನ್ನ ಕೈ ಹಿಡಿದಳು. "ಇವತ್ತು ಒಂದು ಮಾತು ಬರಬಾರ್ದು ಕಣೇ. ಬೀಗ್ತಿ ಮೊಕ ಸಿಂಡರಿಸಿದ್ರೆ ನಮ್ಮುಡ್ಗಿ ಅಲ್ಲಿ ತಲೆ ತಗ್ಗಿಸ್ಬೇಕಾಯ್ತದೆ." ನನಗೂ ದಿಗಿಲಾಯಿತು.

"ನೀರಲ್ಲಿ ಕುದಿಸಜ್ಜಿ, ಅಷ್ಟೇ" ಎಂದು ಸುಷ್ಮಿತಾ ಸ್ನಾನಕ್ಕೆ ಹೋದಳು. ಭೈರಮ್ಮ ಕುದಿಸಿದಳು. ಮುಚ್ಚಳ ತೆಗೆದು ಇಣುಕಿದಳು. ಏಳು ಬಿಟ್ಟು ಮಿಕ್ಕವೆಲ್ಲ ಬಾಯಿ ಬಿಟ್ಟಿದ್ದವು. ಪಾಪ, ಅಷ್ಟು ದೂರದಿಂದ ಬೀಗಿತಿ ಕೊಳೆತದ್ದನ್ನು ಹೊತ್ತು ತಂದಿದ್ದಾರೆ! ಗೊತ್ತಾದರೆ ನಾಚಿಕೆಯಿಂದ ಕುಗ್ಗಿಹೋಗುತ್ತಾರೆ. ಒಳ್ಳೆಯ ಏಳನ್ನು ಎತ್ತಿಟ್ಟು, ಉಳಿದದ್ದನ್ನು ಪಾತ್ರೆ ಸಮೇತ ಸೆರಗಲ್ಲಿ ಮುಚ್ಚಿಕೊಂಡು ಹಿತ್ತಿಲಿಗೆ ಓಡಿದಳು.

ತಿಪ್ಪೆಯ ಹತ್ತಿರ ಬೀಗಿತಿಯೂ ಇದ್ದರು. ಅವರ ಸೆರಗೂ ಉಬ್ಬಿತ್ತು. ಇಬ್ಬರೂ ಕಳ್ಳರ ಹಾಗೆ ನಿಂತರು.

"ಏನ್ರೀ ಅದು?"

"ನಿಮ್ದೆಂತದು?"

ಬೀಗಿತಿಯ ಸೆರಗಿನಿಂದ ಒಂದು ಕಾಯಿ ಉರುಳಿತು. ಮಸಾಲೆಗೆ ತೆಂಗಿನಕಾಯಿ ಬೇಕೆಂದು ಮೂಲೆಯ ಬುಟ್ಟಿಗೆ ಕೈ ಹಾಕಿದರೆ, ಯಾವುದನ್ನು ಅಲ್ಲಾಡಿಸಿದರೂ ನೀರಿಲ್ಲ, ಬರೀ ಗಡಗಡ ಸದ್ದು. ಸೊಸೆಯ ತವರಲ್ಲಿ ಬುಟ್ಟಿ ತುಂಬ ಹಾಳು ಕಾಯಿ! ಅಜ್ಜಿಗೆ ಅವಮಾನವಾಗದಿರಲಿ ಎಂದು ಅವರು ಗುಟ್ಟಾಗಿ ಎಸೆಯಲು ಬಂದಿದ್ದರು.

"ಅಯ್ಯಯ್ಯೋ, ವರ್ಷ ಪೂರ್ತಿ ಅಟ್ಟದಲ್ಲಿ ಒಣಗಿಸಿದ ಗಿಟುಕು ಕಣ್ರೀ!" ಎಂದು ಭೈರಮ್ಮ ಕಿರುಚಿದಳು.

"ಬಾಯಿ ಬಿಟ್ಟ ಬಳಚೇ ತಿನ್ನೂದು! ಬಿಡದೇ ಇದ್ದದ್ದನ್ನೇ ಎಸೆಯೂದು!" ಎಂದು ಬೀಗಿತಿ ಅದಕ್ಕಿಂತ ಜೋರಾಗಿ ಕಿರುಚಿದರು.

ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಒದ್ದೆ ಕೂದಲಲ್ಲಿ ಓಡಿಬಂದ ಸುಷ್ಮಿತಾಗೆ ಕಂಡದ್ದು ತಿಪ್ಪೆಯ ಪಕ್ಕ ಹೊಟ್ಟೆ ಹಿಡಿದು ಕುಕ್ಕರಿಸಿದ್ದ ಇಬ್ಬರು ದೊಡ್ಡವರು. ಗೋಡೆ ಹಿಡಿದು ನಗುತ್ತಿದ್ದ ನನಗೆ ಉಸಿರೇ ಕಟ್ಟಿತು.

ಗಿಟುಕು ಒಡೆದು ಖಾರ ರುಬ್ಬಿದರು. ಮೊದಲ ಬಳಚನ್ನು ಬೀಗಿತಿಯೇ ಚಿಪ್ಪಿನಿಂದ ಬಿಡಿಸಿ ಭೈರಮ್ಮನ ಬಾಯಿಗಿಟ್ಟರು. ಕಣ್ಣು ಮುಚ್ಚಿ ನುಂಗಿದವಳು ಕಣ್ಣು ಬಿಟ್ಟು, ಇನ್ನಷ್ಟು ಬಡಿಸಲೆಂದು ತಟ್ಟೆ ಮುಂದಕ್ಕೆ ತಳ್ಳಿದಳು.

ಊಟವಾದ ಮೇಲೆ ಬೀಗಿತಿ ಸುಷ್ಮಿತಾಳನ್ನು ಕರೆದರು. ಭೈರಮ್ಮ ತಟ್ಟೆ ಎತ್ತುವುದನ್ನು ಬಿಟ್ಟು ಕಿವಿಯಾನಿಸಿದಳು.

"ನನ್ನ ಮಾನ ಉಳಿಸೂಕೆ ನಿನ್ನಜ್ಜಿ ತಿಪ್ಪೆಗೆ ಓಡಿದ್ಳಲ್ಲೇ. ಇಂಥವಳು ಸಾಕಿದ ಹುಡುಗಿ ನಮ್ಮನೆಗೆ ಬಂದಾಳೆ, ನಂಗೆ ಇನ್ನೆಂತ ಬೇಕು?"

ಭೈರಮ್ಮ ಎತ್ತಿಟ್ಟಿದ್ದ ಬಾಯಿ ಬಿಡದ ಏಳು ಬಳಚಿನಲ್ಲಿ ಒಂದನ್ನು ತೆಗೆದು, ಕಾಯಿಯ ಹಾಗೆ ಕಿವಿಗೆ ಹಿಡಿದು ಅಲ್ಲಾಡಿಸಿ, ಕಣ್ಣೊರೆಸಿಕೊಂಡಳು.

"ಇನ್ನೂ ನೀರೈತೆ" ಎಂದಳು. "ಅಟ್ಟಕ್ಕೆ ಹಾಕ್ತೀನಿ. ಬರೋ ವರ್ಷ ಬಂದು ತಿನ್ನಿ, ಬೀಗ್ತಿ."